ದುಂಡಪ್ಪ ಆತು

ಕ್ಯಾಂಪಿನ ನಮ್ಮ ಓಣ್ಯಾಗ ಕೈತಾನ್ ಕಾಕಾ ಅಂದ್ರ
ಹಡಗಿನ ಅಡಗಿಯಾಂವ.
ಮೂವತ್ತೆರಡು ವರ್ಷ ನೀರಿನ ಮ್ಯಾಲ ಅನ್ನ ಬೇಯಿಸಿ
ಕಡೀಕ ಬಂದು ಕುಂತದ್ದು
ನಮ್ಮಪ್ಪನ ಹೊಲಿಗಿ ಅಂಗಡಿ ಕಟ್ಟಿ ಮ್ಯಾಲ,
ಪಲ್ಟನ್ನಿನ ಖಾಕಿ ಚೂರುಗಳ ನಡುವ.

ಒಂದು ದ್ವೀಪದ ಸುದ್ದಿ ಹೇಳತಿದ್ದ.
ಬಂದರಿಲ್ಲ ಅದಕ್ಕ.
ಹಡಗು ದೂರ ನಿಲ್ಲಬೇಕು, ಸಾಮಾನು ದೋಣಿಗೆ ಇಳಸಬೇಕು,
ತೆರಿ ಸಿಟ್ಟಿಗೆದ್ರ ಕಾಯಬೇಕು.
ಇವರು ಹನ್ನೊಂದು ದಿವಸ ಕಾದ್ರಂತ,
ಉಳ್ಳಾಗಡ್ಡಿ ಮೊಳಕಿ ಒಡೆಯೂ ತನಕ.

ಆ ದೋಣಿಯವರ ಮಾತು
ಇಂಗ್ಲಿಷ್ ಅನಿಸತಿತ್ತು, ಆದ್ರ ಇಂಗ್ಲಿಷ್ ಅಲ್ಲ.
"ಕ್ಯಾಪ್ಟನ್ ಸಾಯೇಬಗ ತಿಳೀಲಿಲ್ಲ, ನನಗ ತಿಳೀತು,"
ಅಂತ ಮೀಸಿ ಒರಸಿಕೊಂತಿದ್ದ ಕಾಕಾ.
ಬೌಟ್ ಯಾಲಿ ಗ್ವೆನ್?
ಅಂದ್ರ, ಎತ್ತಾಗ ಹೊಂಟ್ರಿ?
"ಊರು ಯಾವುದರ ಇರಲಿ ತಂಗಿ,
ಮದಲ ಕೇಳೂದು ಇದಽ."

ನಾವು ಹುಡುಗ್ರು ಕಲತಿವಿ.
ಸಾಲಿಗೆ ಹೋಗೂ ಮುಂದ, ಪಾವು ತರಾಕ ಹೋಗೂ ಮುಂದ,
ಫಿಶ್ ಮಾರ್ಕೆಟ್ಟಿನ ತಿರುವಿನ್ಯಾಗ ಸೈಕಲ್ಲು ಬಿದ್ದಾಗೂ
ಬೌಟ್ ಯಾಲಿ ಗ್ವೆನ್?
ಭೂಮಿ ಮ್ಯಾಲ ಆ ಮಾತು ಆಡೋರು ಕೆಲವು ನೂರು ಮಂದಿ,
ಮತ್ತ ನಾವು ಐದು ಮಂದಿ.

ಹೆಂಗ ಹುಟ್ಟಿತು ಅದು?
ಅಪ್ಪನ ಸೂಜಿಗೆ ದಾರ ಪೋಣಿಸಿಕೊಡಕೋತ ಹೇಳತಿದ್ದ:
ತಮ್ಮ ಕಪ್ತಾನನ್ನ ದೋಣ್ಯಾಗ ಕೂಡಿಸಿ ತೇಲಿಬಿಟ್ಟ ಬಿಳಿ ಖಲಾಸಿಗಳು,
ಅವರು ಬ್ಯಾರೆ ದ್ವೀಪದಿಂದ ಕರಕೊಂಡು ಹೋದ ಹೆಣ್ಣುಮಕ್ಕಳು.
"ಕರಕೊಂಡು ಅಂದ್ರ?" ಅಂತ ನಮ್ಮವ್ವ ಕೇಳಿದ್ಲು.
ಕಾಕಾ ಮಾತಾಡಲಿಲ್ಲ. ದಾರ ಹಲ್ಲಿಲೆ ಕಡದ.

ಕೂಸುಗಳು ಅಪ್ಪಂದಿರ ಬೈಗಳ ಎತ್ತಿಕೊಂಡ್ವು,
ಅವ್ವಂದಿರ ಒಲಿ, ಗಡ್ಡಿ, ಹಸಿವು ಎತ್ತಿಕೊಂಡ್ವು,
ನಡಬರಕ ತಮ್ಮದಽ ಒಂದು ತುಂಡು ಹಾಕಿ ಹೊಲಕೊಂಡ್ವು.
ಯಾರೂ ಅಳತಿ ತಗೊಂಡಿರಲಿಲ್ಲ.

ಅದರಾಗ ಒಂದು ಶಬ್ದ, ಬಿಗ್‌ಜಾಕ್.
ಅಂದ್ರ ಅಳೂದು.
ಯಾವನೋ ಜಾಕ್ ಇದ್ದನಂತ, ಮಾತ ಮಾತಿಗೆ ಕಣ್ಣೀರು ಹಾಕಾಂವ.
ಅವ ಸತ್ತ. ಅವನ ಅಳು ಸಾಯಲಿಲ್ಲ.
ಮುಖಾ ಮರೆತ ಮ್ಯಾಲೂ ಮಂದಿ ಅವನ ಹೆಸರಿಲೆ ಅಳತಾರ.

ನಮ್ಮಪ್ಪ ನಕ್ಕ. ಬಾಯಾಗ ಗುಂಡಸೂಜಿ ಇದ್ವು,
ಹಿಂಗಾಗಿ ಅರ್ಧಾ ನಕ್ಕ.

ಅಂವಗ ನಗಲಿಕ್ಕೆ ಹಕ್ಕಿರಲಿಲ್ಲ.
ಮಂಗಳವಾರ ಕೊಡತೀನಿ ಅಂದ ಕೋಟು
ಮುಂದಿನ ಮಂಗಳವಾರಕ್ಕೂ ಗುಂಡಿ ಇಲ್ಲದಽ ತೂಗತಿತ್ತು.
ಸುಭೇದಾರ ಶಿಂತ್ರೆ ಮರಾಠ್ಯಾಗ ಬೈತಿದ್ದ,
ಖಾಟೀಕ ಬಾಬಾಲಾಲ ದಖನ್ಯಾಗ ಬೈತಿದ್ದ,
ಕಾಕಾನ ಹೆಂಡತಿ ಪಿಯದಾದ್ ಕೊಂಕಣ್ಯಾಗ ದೇವರನ್ನ ಕರೀತಿದ್ಲು,
ಕಡೀಕ ಎಲ್ಲಾರೂ ಒಂದಽ ಶಬ್ದಕ್ಕ ಬಂದು ನಿಂತ್ರು:
ದುಂಡಪ್ಪ.

ಬಸ್ಸು ಬರಲಿಲ್ಲಾ? ದುಂಡಪ್ಪ ಆತು.
ನಳಕ್ಕ ಎರಡು ದಿನಾ ನೀರಿಲ್ಲಾ? ದುಂಡಪ್ಪ ಝಾಲಾ.
ದುಂಡಪ್ಪ ನಕ್ಕೋ ಕರೋ, ಬಾಡಿಗಿ ಕೊಡ್ರಿ.

ಅಪ್ಪ ಹೋಗಿ ಹದಿನಾಲ್ಕು ವರ್ಷಾತು. ಅಂವಗಿಂತ ಮದಲ ಕಾಕಾ.
ಬೌಟ್ ಯಾಲಿ ಗ್ವೆನ್ ಅಂದ್ರ ಈಗ
ಓಣ್ಯಾಗ ನಾಯಿ ಸೈತ ತಿರುಗಿ ನೋಡೂದಿಲ್ಲ.
ಅಂಗಡಿ ಮೊಬೈಲ್ ರಿಪೇರಿ ಆಗೇದ.

ಮನ್ನೆ ಸ್ಕ್ರೀನ್ ಹಾಕಿಸಲಿಕ್ಕೆ ಹೋಗಿದ್ದೆ.
ಮುಂದ ಒಬ್ಬಾಕಿ ಹುಡುಗಿ, ಕೊರಳಾಗ ಕಾಲೇಜಿನ ಪಟ್ಟಿ,
ಗುರತಿಲ್ಲ, ಯಾವ ಕಡಿಯಾಕಿನೋ,
ಕಾದು ಬ್ಯಾಸತ್ತು ಅಂದ್ಲು:
"ದುಂಡಪ್ಪ ಮಾಡಬ್ಯಾಡ್ರಿ ಭಾವೂ, ಸಂಜಿಕ ಬೇಕಂದ್ರ ಬೇಕು."
"ಇಲ್ರಿ ಮೇಡಂ, ದುಂಡಪ್ಪ ಆಗೂದಿಲ್ಲ,"
ಅಂದ ಹುಡುಗ, ತಲಿ ಎತ್ತದಽ.

ಇಬ್ಬರೂ ಅಂವನ್ನ ಕಂಡವರಲ್ಲ.
ಅಂವನ ಮಷೀನು ಇದ್ದ ಜಾಗಾದಾಗಽ ನಿಂತಿದ್ರು.
ಹೇಳಬೇಕಂತ ಬಾಯಿ ತೆರದೆ.
ಹೇಳಿದ್ರ ಅದು ಮತ್ತ ಬರೇ ಹೆಸರಾಗತಿತ್ತು,
ಗ್ವಾಡಿಗೆ ತೂಗಹಾಕಿದ ಮಾಲಿ ಫೋಟೋ ಆಗತಿತ್ತು.
ಮುಚ್ಚಿದೆ.

ಫೋನು ಕೊಟ್ಟು, ಚೀಟಿ ತಗೊಂಡು ಹೊರಗ ಬಂದೆ.
ಕಟ್ಟಿ ಇದ್ದಲ್ಲಿ ಈಗ ಸ್ಕೂಟರ್ ನಿಂದ್ರಸತಾರ.
ಒಂದರ ಸೀಟು ಹಿಡಕೊಂಡು ಬಿಸಲಾಗ ನಿಂತು
ಒಂದೀಟು ಬಿಗ್‌ಜಾಕ್ ಆದೆ.

ಸಂಜಿಕ ಹೋದ್ರ
ನನ್ನ ಫೋನು ತಯಾರಿರಲಿಲ್ಲ.